ಊರು, ಅರಸ, ದೇವತೆ: ಯೊರುಬಾ ವಾರ್ಷಿಕ ಉತ್ಸವಗಳ ಒಳಗುಟ್ಟು

ಯೊರುಬಾ ಧರ್ಮದಲ್ಲಿ ಎಲ್ಲಕ್ಕಿಂತ ಮೇಲಿರುವ ದೈವದ ಹೆಸರು ಒಲೊಡುಮಾರೆ. ಜಗತ್ತಿಗೆ ಉಸಿರು ಕೊಟ್ಟ ಈ ದೈವಕ್ಕೆ ಗುಡಿಯಿಲ್ಲ, ವಿಗ್ರಹವಿಲ್ಲ, ವರ್ಷಕ್ಕೊಮ್ಮೆ ನಡೆಯುವ ಉತ್ಸವವೂ ಇಲ್ಲ. ನೈಜೀರಿಯಾದ ನೈರುತ್ಯ ಭಾಗದಲ್ಲಿ, ಪಕ್ಕದ ಬೆನಿನ್ ಮತ್ತು ಟೋಗೊ ದೇಶಗಳಲ್ಲಿ ನೆಲೆಸಿರುವ ಯೊರುಬಾ ಜನರ ಸಂಖ್ಯೆ ನಾಲ್ಕು ಕೋಟಿಯನ್ನು ಮೀರುತ್ತದೆ. ಅವರ ಊರುಗಳಲ್ಲಿ ಉತ್ಸವವಿಲ್ಲದ ತಿಂಗಳೇ ಸಿಗದು. ಅವೆಲ್ಲವೂ ಒಲೊಡುಮಾರೆಯ ಕೆಳಗಿರುವ ಒರಿಷಾಗಳಿಗೆ, ಅಂದರೆ ಜನರೊಡನೆ ನೇರವಾಗಿ ವ್ಯವಹರಿಸುವ ದೇವತೆಗಳಿಗೆ ಸಲ್ಲುತ್ತವೆ.

ಒರಿಷಾಗಳು ಎಷ್ಟು ಎಂದು ಕೇಳಿದರೆ 401 ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಇದನ್ನು ಎಣಿಕೆ ಎಂದು ಓದಬಾರದು. ಪಟ್ಟಿ ಎಂದೂ ಮುಗಿಯದು, ಇನ್ನೊಬ್ಬರಿಗೆ ಯಾವಾಗಲೂ ಜಾಗವಿದೆ ಎಂಬ ಅರ್ಥದಲ್ಲಿ ಆ ಕೊನೆಯ ಒಂದನ್ನು ಸೇರಿಸಿದ್ದಾರೆ. ಕೆಲವು ಒರಿಷಾಗಳು ನದಿ, ಸಿಡಿಲು, ಕಬ್ಬಿಣ, ಸಿಡುಬು ಮುಂತಾದ ಶಕ್ತಿಗಳು. ಕೆಲವರು ಒಂದು ಕಾಲದಲ್ಲಿ ಬದುಕಿ ಆಳಿದ ಮನುಷ್ಯರು. ಹಲವರು ಎರಡೂ ಹೌದು. ಸಿಡಿಲಿನ ದೇವತೆ ಶಾಂಗೊ ಓಯೊ ರಾಜ್ಯವನ್ನು ಆಳಿದ ಅರಸರ ಸಾಲಿನಲ್ಲಿ ಮೂರನೆಯವನೆಂದು ಅಲ್ಲಿನ ಪರಂಪರೆ ಹೇಳುತ್ತದೆ.

ಹೊರಗಿನವರು ಎಡವುವುದು ಇಲ್ಲಿಯೇ. ಇಂಥ ದೇವತೆ, ಇಂಥ ಗುಣ, ಇಂಥ ತಾರೀಖಿಗೆ ಹಬ್ಬ ಎಂದು ಪಟ್ಟಿ ಮಾಡಲು ಹೊರಟರೆ ಎರಡು ಪುಟ ದಾಟುವಷ್ಟರಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಒಂದು ಊರಿನಲ್ಲಿ ಹನ್ನೆರಡು ದಿನ ಆರಾಧಿಸುವ ದೇವತೆಯ ಹೆಸರನ್ನು ಮೂವತ್ತು ಮೈಲಿ ಆಚೆ ಯಾರೂ ಎತ್ತದಿರಬಹುದು. ಒಂದೇ ದೇವತೆ ಒಂದು ಊರಿನಲ್ಲಿ ಗಂಡು, ಇನ್ನೊಂದರಲ್ಲಿ ಹೆಣ್ಣು. ನಾನು ಈ ವಿಷಯದ ಬಗ್ಗೆ ಓದುತ್ತಾ ಬಂದ ಹಾಗೆ ಗಟ್ಟಿಯಾದ ನಂಬಿಕೆ ಇಷ್ಟು: ಯೊರುಬಾ ಉತ್ಸವ ಮೂಲತಃ ಒಂದು ಊರಿಗೂ ಒಂದು ದೇವತೆಗೂ ನಡುವೆ ಆದ ಒಡಂಬಡಿಕೆ. ಅದನ್ನು ಪ್ರತಿ ವರ್ಷ ನವೀಕರಿಸಬೇಕು, ನವೀಕರಿಸಲು ಅರಸ ಬೇಕು. ದೇವತೆಯಿಂದ ಶುರು ಮಾಡದೆ ಊರಿನಿಂದ ಶುರು ಮಾಡಿದರೆ ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ಇಂದಿನ ನೈಜೀರಿಯಾದ ಓಶುನ್ ರಾಜ್ಯದ ರಾಜಧಾನಿ ಓಶೊಗ್ಬೊದಿಂದ ಆರಂಭಿಸೋಣ. ಊರಿನ ಸ್ಥಳಪುರಾಣದ ಪ್ರಕಾರ ಲಾರೊಯೆ ಎಂಬ ಅರಸುಕುಲದವನೂ ಟಿಮೆಹಿನ್ ಎಂಬ ಬೇಟೆಗಾರನೂ ತಮ್ಮ ಜನರೊಡನೆ ಇಜೆಶಾ ಸೀಮೆಯ ಇಪೊಲೆಯಿಂದ ನೀರನ್ನು ಹುಡುಕುತ್ತ ಹೊರಟರು. ದಟ್ಟ ಕಾಡಿನಲ್ಲಿ ನದಿಯೊಂದು ಸಿಕ್ಕಿತು. ದಂಡೆಯ ಮೇಲೆ ಬೇಸಾಯಕ್ಕೆಂದು ಮರ ಕಡಿದಾಗ ಒಂದು ಮರ ನೀರಿಗೆ ಉರುಳಿತು. ಒಳಗಿನಿಂದ ಧ್ವನಿ ಎದ್ದಿತು: ನನ್ನ ಬಣ್ಣದ ಮಡಕೆಗಳನ್ನೆಲ್ಲ ಒಡೆದುಬಿಟ್ಟಿರಲ್ಲ! ನೀಲಿ ಬಣ್ಣ ಅದ್ದುವುದು ಯೊರುಬಾ ಹೆಂಗಸರ ಹಳೆಯ ಕಸುಬು. ನದಿಯ ದೇವತೆ ಓಶುನ್ ತಾನೂ ಆ ಕಸುಬಿನವಳಾಗಿ ಜನರಿಗೆ ಪರಿಚಯವಾದಳು. ಆಮೇಲೆ ಮಾತುಕತೆಯಾಯಿತು. ವರ್ಷಕ್ಕೊಮ್ಮೆ ನನಗೆ ಪೂಜೆ ಸಲ್ಲಿಸಿ, ನನ್ನ ಬನವನ್ನು ಬಿಟ್ಟು ಎತ್ತರದ ಜಾಗಕ್ಕೆ ಹೋಗಿ ಊರು ಕಟ್ಟಿಕೊಳ್ಳಿ; ನಿಮ್ಮನ್ನು ಕಾಯುವುದು, ನಿಮಗೆ ಮಕ್ಕಳನ್ನು ಕೊಡುವುದು ನನ್ನ ಹೊಣೆ. ಲಾರೊಯೆ ನೀರಿಗೆ ಅರ್ಪಣೆ ಬಿಟ್ಟಾಗ ದೇವತೆಯ ದೂತನಾಗಿ ದೊಡ್ಡ ಮೀನೊಂದು ಬಂದಿತಂತೆ. ಅದನ್ನು ಆತ ಕೈಚಾಚಿ ಬರಮಾಡಿಕೊಂಡ. ಓಶೊಗ್ಬೊದ ಅರಸರಿಗೆ ಇಂದಿಗೂ ಇರುವ ಅಟಾವೊಜಾ ಎಂಬ ಬಿರುದು ಆ ಗಳಿಗೆಯದು.

ಹೀಗೆ ಪೀಠವೂ ಊರೂ ಉತ್ಸವವೂ ಒಂದೇ ಘಟನೆಯಲ್ಲಿ ಹುಟ್ಟಿವೆ. ಒಡಂಬಡಿಕೆಯ ತನ್ನ ಪಾಲನ್ನು ದೇವತೆ ನಡೆಸಿಕೊಟ್ಟಳು ಎನ್ನುವುದಕ್ಕೂ ಕಥೆಯಿದೆ. 1840ರ ಸುಮಾರಿಗೆ ಇಲೊರಿನ್‌ನ ಸೈನ್ಯ ಓಶೊಗ್ಬೊಗೆ ಮುತ್ತಿಗೆ ಹಾಕಿ ಸೋತದ್ದು ಇತಿಹಾಸ. ಇಬಾದಾನ್‌ನ ಪಡೆ ನೆರವಿಗೆ ಬಂದದ್ದರಿಂದ ಊರು ಉಳಿಯಿತು. ಊರಿನವರು ಇನ್ನೂ ಒಂದು ಮಾತು ಸೇರಿಸುತ್ತಾರೆ: ಓಶುನ್ ಸೊಪ್ಪು ಮಾರುವ ಹೆಂಗಸಿನ ವೇಷದಲ್ಲಿ ಶತ್ರುಗಳ ಪಾಳೆಯಕ್ಕೆ ಹೋಗಿ ವಿಷ ಬೆರೆತ ಅಡುಗೆ ಉಣಿಸಿದಳು.

ಆಗಸ್ಟ್‌ನಲ್ಲಿ ಹನ್ನೆರಡು ದಿನ ನಡೆಯುವ ಓಶುನ್-ಓಶೊಗ್ಬೊ ಉತ್ಸವವನ್ನು ಈ ಕಥೆಯೊಡನೆ ನೋಡಿದರೆ ಪ್ರತಿ ವಿಧಿಗೂ ಜಾಗ ಸಿಗುತ್ತದೆ. ಮೊದಲ ದಿನ ಅರಸ ತನ್ನ ಪರಿವಾರದೊಡನೆ ಬೀದಿಗಿಳಿದು ದಾರಿಯನ್ನು ಶುದ್ಧಗೊಳಿಸುತ್ತಾನೆ. ಉತ್ಸವಕ್ಕೆ ದಾರಿ ತೆರೆದಂತೆ. ಮುಂದೆ ಒಂದು ರಾತ್ರಿ ಹದಿನಾರು ಬತ್ತಿಗಳ ಹಿತ್ತಾಳೆ ದೀಪವನ್ನು ಹಚ್ಚುತ್ತಾರೆ. ಸಂಜೆ ಹೊತ್ತಿಸಿದ್ದು ಬೆಳಗಿನವರೆಗೆ ಆರಬಾರದು. ಅರಸ ಅದರ ಸುತ್ತ ಮೂರು ಸಲ ಕುಣಿದು ಬರುತ್ತಾನೆ. ಮತ್ತೊಂದು ದಿನ ಹಿಂದಿನ ಅಟಾವೊಜಾಗಳೆಲ್ಲರ ಕಿರೀಟಗಳನ್ನು ಒಂದೆಡೆ ಇಟ್ಟು ಪೂಜಿಸುತ್ತಾರೆ. ಸತ್ತವರೂ ಆ ಒಡಂಬಡಿಕೆಗೆ ಸಹಿ ಹಾಕಿದವರೇ ತಾನೆ?

ಕೊನೆಯ ದಿನವೇ ಉತ್ಸವದ ಜೀವ. ಅರುಗ್ಬಾ ಎಂದು ಕರೆಯುವ ಕನ್ಯೆ, ಅರಸು ಮನೆತನದವಳು, ಅರಮನೆಯಿಂದ ಹೊರಗೆ ಬರುತ್ತಾಳೆ. ಆಕೆಯ ತಲೆಯ ಮೇಲೆ ದೊಡ್ಡ ಸೋರೆಬುರುಡೆಯಲ್ಲಿ ಇಡೀ ಊರಿನ ಅರ್ಪಣೆ ಇದೆ. ಅದನ್ನು ಬಣ್ಣದ ಬಟ್ಟೆಯಿಂದ ಮುಚ್ಚಿದ್ದಾರೆ. ಒಳಗೇನಿದೆ ಎಂಬುದು ಪೂಜಾರಿಣಿಯರಿಗೆ ಬಿಟ್ಟ ವಿಷಯ. ಆಕೆ ಮಾತನಾಡುವಂತಿಲ್ಲ, ಎಡವುವಂತಿಲ್ಲ. ಕಾಲು ಜಾರಿದರೆ ಇಡೀ ವರ್ಷಕ್ಕೆ ಅಪಶಕುನ. ಸುತ್ತಲೂ ಪೂಜಾರಿಣಿಯರು, ಮುಂದೆ ಡೋಲು, ಹಿಂದೆ ಹತ್ತಾರು ಸಾವಿರ ಜನ. ಆಕೆ ಹಾದುಹೋಗುವಾಗ ದಾರಿಯ ಎರಡೂ ಬದಿಯವರು ತಮ್ಮ ಬೇಡಿಕೆಗಳನ್ನು ಕೂಗಿ ಹೇಳುತ್ತಾರೆ. ಬನವನ್ನು ಹೊಕ್ಕ ಮೇಲೆ ಬುರುಡೆಯನ್ನು ಇಳಿಸಿ ಅರ್ಪಣೆಯನ್ನು ನದಿಗೆ ಬಿಡುತ್ತಾರೆ. ಲಾರೊಯೆ ಕುಳಿತನೆನ್ನುವ ಕಲ್ಲಿನ ಮೇಲೆ ಈಗಿನ ಅರಸ ಕುಳಿತು ಊರಿನ ಪರವಾಗಿ ಪ್ರಾರ್ಥಿಸುತ್ತಾನೆ. ಆಮೇಲೆ ಜನ ಪ್ಲಾಸ್ಟಿಕ್ ಕ್ಯಾನುಗಳಲ್ಲಿ, ಬಾಟಲಿಗಳಲ್ಲಿ ನದಿಯ ನೀರನ್ನು ತುಂಬಿಕೊಳ್ಳುತ್ತಾರೆ. ಮಕ್ಕಳಾಗದ ಹೆಂಗಸರು ಆ ನೀರಿಗಾಗಿಯೇ ದೂರದಿಂದ ಬಂದಿರುತ್ತಾರೆ. ಹಿಂದಿನ ವರ್ಷ ಬೇಡಿಕೊಂಡು ಹೋದವರು ಕೂಸನ್ನು ಎತ್ತಿಕೊಂಡು ಬರುವುದೂ ಉಂಟು.

ಈ ಮೆರವಣಿಗೆಯ ದಾರಿಯನ್ನು ಗಮನಿಸಬೇಕು. ಊರು ಮೊದಲು ನೆಲೆಸಿದ್ದು ಬನದೊಳಗೆ. ಹಳೆಯ ಅರಮನೆಗಳ ಜಾಗಗಳು ಈಗಲೂ ಅಲ್ಲಿವೆ. ಅಲ್ಲಿಂದ ಊರು ಹೊರಗೆ ಬಂತು. ಈಗಿನ ಅರಮನೆಯಿಂದ ನದಿಯವರೆಗೆ ನಡೆಯುವ ಅರುಗ್ಬಾ ತನ್ನ ಊರಿನ ವಲಸೆಯನ್ನು ಹಿಮ್ಮುಖವಾಗಿ ನಡೆಯುತ್ತಾಳೆ, ಮಾತು ಕೊಟ್ಟ ಜಾಗದವರೆಗೆ.

ಆ ಅರ್ಪಣೆಯನ್ನು ಹೆಣ್ಣೇ ಹೊರುವುದರ ಹಿಂದೆಯೂ ಹಳೆಯ ಕಥೆಯೊಂದನ್ನು ಕೇಳಬಹುದು. ಒಲೊಡುಮಾರೆ ಭೂಮಿಯನ್ನು ಸಜ್ಜುಗೊಳಿಸಲು ಹದಿನೇಳು ದೇವತೆಗಳನ್ನು ಕಳುಹಿಸಿದಾಗ ಅವರಲ್ಲಿ ಓಶುನ್ ಒಬ್ಬಳೇ ಹೆಣ್ಣು. ಉಳಿದ ಹದಿನಾರು ಮಂದಿ ಆಕೆಯನ್ನು ಸಭೆಗೆ ಕರೆಯಲಿಲ್ಲ. ಅವರು ಮಾಡಿದ ಯಾವ ಕೆಲಸವೂ ಕೈಗೂಡಲಿಲ್ಲ, ಮಳೆ ಬರಲಿಲ್ಲ, ಬೆಳೆ ಏಳಲಿಲ್ಲ. ದೂರು ಹೊತ್ತು ಹೋದವರಿಗೆ ಒಲೊಡುಮಾರೆ ಕೇಳಿದ್ದು ಒಂದೇ: ಆಕೆಯನ್ನು ಕೇಳಿದಿರಾ? ಅವರು ಮರಳಿ ಬಂದು ಓಶುನ್‌ಳ ಕ್ಷಮೆ ಬೇಡಿದ ಮೇಲೆಯೇ ಜಗತ್ತು ನಡೆಯತೊಡಗಿತು. ನನಗೆ ಈ ಧರ್ಮದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಕಥೆ ಇದು.

ಈ ಕಥೆ ಇಫಾದ ಪದ್ಯರಾಶಿಯಲ್ಲಿ ಬರುತ್ತದೆ. ಕಣಿ ಹೇಳುವ ವಿದ್ಯೆಗೂ ಅದರ ದೇವತೆಗೂ ಇಫಾ ಎಂದೇ ಹೆಸರು. ಇಫಾವನ್ನು ತಿಳಿಯದೆ ಯಾವ ಯೊರುಬಾ ಉತ್ಸವವೂ ಪೂರ್ತಿ ಅರ್ಥವಾಗದು. ಉತ್ಸವಕ್ಕೆ ಮುನ್ನ ದೇವತೆಗೆ ಈ ಸಲ ಏನು ಬೇಕು, ಊರಿಗೆ ಯಾವ ಅಪಾಯ ಕಾದಿದೆ ಎಂದು ಕಣಿ ಕೇಳುವುದು ಇಫಾದ ಮೂಲಕ. ಕಣಿ ನೋಡುವ ಬಬಲಾವೊ ಹದಿನಾರು ತಾಳೆಬೀಜಗಳನ್ನು ಅಂಗೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಒಮ್ಮೆಗೇ ಬಾಚುತ್ತಾನೆ. ಒಂದು ಬೀಜ ಉಳಿದರೆ ಮರದ ತಟ್ಟೆಯ ಮೇಲೆ ಹರಡಿದ ಪುಡಿಯಲ್ಲಿ ಎರಡು ಗೆರೆ, ಎರಡು ಉಳಿದರೆ ಒಂದು ಗೆರೆ. ಬೇರೆ ಯಾವ ಸಂಖ್ಯೆ ಉಳಿದರೂ ಲೆಕ್ಕಕ್ಕಿಲ್ಲ. ಹೀಗೆ ಎಂಟು ಗುರುತುಗಳು ಆಗುವವರೆಗೆ ಬಾಚುತ್ತ ಹೋದರೆ 256 ಆಕೃತಿಗಳಲ್ಲಿ ಒಂದು ಮೂಡುತ್ತದೆ. ಒಂದೊಂದು ಆಕೃತಿಗೂ ನೂರಾರು ಪದ್ಯಗಳಿವೆ. ಬಬಲಾವೊ ಅವುಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿರುತ್ತಾನೆ. ಪದ್ಯ ಹಿಂದೊಮ್ಮೆ ಇದೇ ಕಷ್ಟ ಯಾರಿಗೆ ಬಂದಿತ್ತು, ಅವರು ಏನು ಅರ್ಪಿಸಿದರು, ಏನಾಯಿತು ಎಂದು ಹೇಳುತ್ತದೆ. ಯುನೆಸ್ಕೊ 2005ರಲ್ಲಿ ಈ ಪದ್ಧತಿಯನ್ನು ಮನುಕುಲದ ಮೌಖಿಕ ಪರಂಪರೆಯ ಮೇರುಕೃತಿ ಎಂದು ಘೋಷಿಸಿತು. ಜೂನ್ ಆರಂಭದಲ್ಲಿ ಇಲೆ-ಇಫೆ ಎಂಬ ನಗರದ ಓಕೆ-ಇಟಾಸೆ ಗುಡ್ಡದ ಮೇಲೆ ನಡೆಯುವ ಇಫಾ ಉತ್ಸವದಲ್ಲಿ ಮುಂದಿನ ವರ್ಷಕ್ಕೆಲ್ಲ ಅನ್ವಯಿಸುವ ಆಕೃತಿಯನ್ನು ನೋಡುತ್ತಾರೆ. ಹೊಸ ಯಾಮ್ ಗೆಡ್ಡೆಯನ್ನು ಮೊದಲು ಇಫಾಗೆ ಒಪ್ಪಿಸಿ ಆಮೇಲೆ ತಿನ್ನುವುದು ಹಳೆಯ ಕಟ್ಟಳೆ.

ಅರ್ಪಣೆ ಒಪ್ಪಿಗೆಯಾಯಿತೇ ಎಂದು ತಿಳಿಯಲು ಇನ್ನೂ ಸರಳವಾದ ದಾರಿಯಿದೆ. ನಾಲ್ಕು ಹೋಳಾಗುವ ಕೋಲಾ ಬೀಜವನ್ನು ಬಿಡಿಸಿ ನೆಲಕ್ಕೆ ಎಸೆಯುತ್ತಾರೆ. ಎರಡು ಮೇಲ್ಮುಖ, ಎರಡು ಕೆಳಮುಖವಾಗಿ ಬಿದ್ದರೆ ದೇವತೆ ಹೌದೆಂದಂತೆ. ಒಡಂಬಡಿಕೆಯೆಂದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಲೇಬೇಕು.

ವಾರಕ್ಕೂ ಈ ನಂಟಿದೆ. ಯೊರುಬಾ ಹಳೆಯ ವಾರಕ್ಕೆ ನಾಲ್ಕೇ ದಿನ: ಮನುಷ್ಯರ ಮೈಯನ್ನು ರೂಪಿಸುವ ಒಬಾಟಾಲಾನ ದಿನ, ಇಫಾದ ದಿನ, ಕಬ್ಬಿಣದ ದೇವತೆ ಓಗುನ್‌ನ ದಿನ, ಶಾಂಗೊವಿನ ದಿನ. ನಾಲ್ಕು ದಿನಕ್ಕೊಮ್ಮೆ ಮನೆಯ ಗೂಡಿನಲ್ಲಿ ಸಣ್ಣ ಪೂಜೆ, ವರ್ಷಕ್ಕೊಮ್ಮೆ ಊರೊಟ್ಟಿಗೆ ದೊಡ್ಡದು. ಯಾವ ದೇವತೆಯ ಪೂಜೆಯಾದರೂ ಮೊದಲ ತುತ್ತು ಎಶುವಿಗೆ. ಮನುಷ್ಯರ ಅರ್ಪಣೆಯನ್ನು ದೇವತೆಗಳಿಗೆ ಮುಟ್ಟಿಸುವವನು ಆತ, ಕವಲುದಾರಿಯಲ್ಲಿ ನಿಂತಿರುವವನು. 19ನೇ ಶತಮಾನದಲ್ಲಿ ಸ್ವತಃ ಯೊರುಬಾ ಮೂಲದ ಬಿಷಪ್ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಬೈಬಲ್ ಅನುವಾದಿಸುವಾಗ ಸೈತಾನನಿಗೆ ಎಶುವಿನ ಹೆಸರನ್ನೇ ಬಳಸಿದರು. ಆ ಅನ್ಯಾಯವನ್ನು ಸರಿಪಡಿಸಲು ಒರಿಷಾ ಭಕ್ತರು ಇಂದಿಗೂ ಹೋರಾಡುತ್ತಿದ್ದಾರೆ.

ಅರಸನ ಪಾತ್ರ ಎಷ್ಟು ಆಳವಾದದ್ದೆಂಬುದು ಇಲೆ-ಇಫೆಯ ಒಲೊಜೊ ಉತ್ಸವದಲ್ಲಿ ಕಾಣುತ್ತದೆ. ಜಗತ್ತು ಆರಂಭವಾದದ್ದು ಇಲ್ಲಿ ಎಂದು ಯೊರುಬಾ ಜನ ನಂಬುವ ಪವಿತ್ರ ನಗರವಿದು. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬರುವ ಉತ್ಸವಕ್ಕೆ ಮುಂಚೆ ಇಲ್ಲಿನ ಅರಸ ಊನಿ ಹಲವು ದಿನ ಯಾರಿಗೂ ಮುಖ ತೋರಿಸದೆ ಏಕಾಂತದಲ್ಲಿ ಇರುತ್ತಾನೆ. ಹೊರಗೆ ಬರುವಾಗ ತಲೆಯ ಮೇಲೆ ಅರೆ ಎಂಬ ಪುರಾತನ ಕಿರೀಟ. ವರ್ಷದಲ್ಲಿ ಅದನ್ನು ಧರಿಸುವ ಸಂದರ್ಭ ಇದೊಂದೇ. ಮೆರವಣಿಗೆ ಕಬ್ಬಿಣದ, ಯುದ್ಧದ, ಕಮ್ಮಾರರ ದೇವತೆಯಾದ ಓಗುನ್‌ನ ಓಕೆ-ಮೊಗುನ್ ಗುಡಿಗೆ ಹೋಗುತ್ತದೆ. ಊನಿ ಅಲ್ಲಿ ಊರಿಗಾಗಿ, ಎಲ್ಲ ಯೊರುಬಾ ಜನರಿಗಾಗಿ ಬೇಡಿಕೊಳ್ಳುತ್ತಾನೆ.

ಓವೊ ಎಂಬ ಊರಿನ ಇಗೊಗೊ ಉತ್ಸವ ಇದಕ್ಕಿಂತ ವಿಚಿತ್ರ, ಇದಕ್ಕಿಂತ ಕರುಣಾಜನಕ. ಅರಸ ರೆರೆಂಗೆಜೆನ್ ಕಾಡಿನಲ್ಲಿ ಕಂಡ ಒರೊನ್ಸೆನ್ ಎಂಬ ದೈವಾಂಶದ ಹೆಣ್ಣನ್ನು ಮದುವೆಯಾದ. ಆಕೆ ಮೂರು ನಿಷೇಧಗಳನ್ನು ಹೇಳಿದ್ದಳು: ತನ್ನೆದುರು ಬೆಂಡೆಕಾಯಿ ಅರೆಯಬಾರದು, ಅಂಗಳಕ್ಕೆ ನೀರು ಚೆಲ್ಲಬಾರದು, ಸೌದೆಯ ಹೊರೆಯನ್ನು ದೊಪ್ಪನೆ ನೆಲಕ್ಕೆ ಹಾಕಬಾರದು. ಹೊಟ್ಟೆಕಿಚ್ಚಿನಿಂದ ಸವತಿಯರು ಮೂರನ್ನೂ ಮುರಿದರು. ಒರೊನ್ಸೆನ್ ಮನೆ ಬಿಟ್ಟು ಹೊರಟಳು. ಹಿಂಬಾಲಿಸಿದವರಿಗೆ ಸಿಕ್ಕದ್ದು ಆಕೆಯ ತಲೆವಸ್ತ್ರ ಮಾತ್ರ. ವರ್ಷಕ್ಕೊಮ್ಮೆ ತನ್ನನ್ನು ನೆನೆದರೆ ಊರು ಸುಖವಾಗಿರುತ್ತದೆ ಎಂದು ಹೇಳಿ ಮರೆಯಾದಳು.

ಸೆಪ್ಟೆಂಬರ್‌ನಲ್ಲಿ ಹದಿನೇಳು ದಿನ ನಡೆಯುವ ಈ ಉತ್ಸವದ ಕಾಲದಲ್ಲಿ ಓವೊದಲ್ಲಿ ಡೋಲು ಬಾರಿಸುವಂತಿಲ್ಲ, ಲೋಹದ ಜಾಗಟೆಯ ಸದ್ದು ಮಾತ್ರ. ಗಂಡಸರು ಟೋಪಿ ಹಾಕುವಂತಿಲ್ಲ, ಹೆಂಗಸರು ತಲೆವಸ್ತ್ರ ಸುತ್ತುವಂತಿಲ್ಲ. ಅರಸ ಹೆಣ್ಣಿನಂತೆ ಜಡೆ ಹೆಣೆಸಿಕೊಂಡು, ಹವಳದ ಸರ ತೊಟ್ಟು, ಹೆಣ್ಣಿನ ಉಡುಪಿನಲ್ಲಿ ಬೀದಿಯಲ್ಲಿ ಕುಣಿಯುತ್ತಾನೆ. ಮಾತು ಮುರಿದವರ ಮನೆಯ ಯಜಮಾನ ಕಳೆದುಹೋದವಳ ರೂಪ ತೊಟ್ಟು ಬರುತ್ತಾನೆ. ತಲೆವಸ್ತ್ರ ಬಿದ್ದ ಜಾಗವೆಂದು ಊರಿನವರು ತೋರಿಸುವ ಇಗ್ಬೊ-ಲಾಜಾದಲ್ಲಿ ನೈಜೀರಿಯಾದ ಪುರಾತತ್ವಜ್ಞ ಎಕ್ಪೊ ಎಯೊ 1969ರಿಂದ 1971ರವರೆಗೆ ಉತ್ಖನನ ನಡೆಸಿದರು. 15ನೇ ಶತಮಾನದ ಸುಡುಮಣ್ಣಿನ ಶಿಲ್ಪಗಳು ದೊರೆತವು, ಅರ್ಪಣೆಯ ದೃಶ್ಯಗಳೂ ಅವುಗಳಲ್ಲಿವೆ. ಆ ಜಾಗದಲ್ಲಿ ಪೂಜೆ ನಡೆಯುತ್ತಿದ್ದುದಕ್ಕೆ ಮಣ್ಣಿನಡಿಯೇ ಸಾಕ್ಷಿಯಿತ್ತು.

ಗಂಡಸು ಜಡೆ ಹೆಣೆದುಕೊಳ್ಳುವುದು ಓಯೊದಲ್ಲೂ ಇದೆ, ಕಾರಣ ಬೇರೆ. ದೇವತೆ ಮೈಮೇಲೆ ಬರುವ ಶಾಂಗೊ ಪೂಜಾರಿ ದೇವತೆಯ ವಧು ಎಂದೇ ಭಾವನೆ. ಆದ್ದರಿಂದ ಹೆಣ್ಣಿನ ಜಡೆ, ಕವಡೆ ಹೊಲಿದ ಕೆಂಪು ಉಡುಪು, ಕೈಯಲ್ಲಿ ಇಬ್ಬಾಯ ಕೊಡಲಿಯ ಆಕಾರದ ಕೋಲು. ಬಾಟಾ ಡೋಲಿನ ಬಡಿತ ಬಿರುಸಾದಂತೆ ಆತ ಬಾಯಿಂದ ಬೆಂಕಿ ಉಗುಳುತ್ತಾನೆ. ಆಗಸ್ಟ್‌ನ ಈ ಉತ್ಸವವನ್ನು ಯುನೆಸ್ಕೊ 2023ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಪೂರ್ವಜರು ಬಟ್ಟೆಯ ವೇಷಗಳಲ್ಲಿ ಬರುವ ಎಗುಂಗುನ್, ಹಿರಿಯ ತಾಯಂದಿರ ಗೂಢಶಕ್ತಿಯನ್ನು ಒಲಿಸಿಕೊಳ್ಳಲು ಗಂಡಸರು ಮುಖವಾಡ ಧರಿಸಿ ಕುಣಿಯುವ ಗೆಲೆಡೆ, ಇವೆರಡಕ್ಕೂ ಪ್ರತ್ಯೇಕ ಲೇಖನಗಳೇ ಬೇಕು. ಒರೊ ಎಂಬ ಇನ್ನೊಂದು ಆಚರಣೆಯ ದಿನಗಳಲ್ಲಿ ಹೆಂಗಸರು ಹೊರಗೆ ಕಾಲಿಡಬಾರದೆಂಬ ಕಟ್ಟಳೆಯಿದೆ. ಇಂದಿನ ನಗರಗಳಲ್ಲಿ ಅದು ಹೆಂಗಸರ ಓಡಾಟದ ಹಕ್ಕಿಗೆ ಅಡ್ಡ ಬರುತ್ತದೆಂದು ಮೊಕದ್ದಮೆಗಳೂ ನಡೆದಿವೆ. ಪರಂಪರೆಯ ಮೇಲೆ ನನಗೆಷ್ಟೇ ಗೌರವವಿದ್ದರೂ ಈ ವಿಷಯದಲ್ಲಿ ಹೆಂಗಸರ ಪಕ್ಷವೇ ಸರಿ ಎಂದು ತೋರುತ್ತದೆ.

ಇನ್ನು ಕಡಲಾಚೆಯ ಮಾತು. 19ನೇ ಶತಮಾನದ ಮೊದಲ ದಶಕಗಳಲ್ಲಿ ಓಯೊ ಸಾಮ್ರಾಜ್ಯ ಕುಸಿದು ಯುದ್ಧಗಳು ಹಬ್ಬಿದಾಗ ಸೆರೆಸಿಕ್ಕ ಲಕ್ಷಾಂತರ ಯೊರುಬಾ ಜನರನ್ನು ಗುಲಾಮರನ್ನಾಗಿ ಮಾರಿದರು. ಹೆಚ್ಚಿನವರು ಬ್ರೆಜಿಲ್‌ನ ಬಾಹಿಯಾ ಮತ್ತು ಕ್ಯೂಬಾಗಳಿಗೆ ಸಾಗಿಸಲ್ಪಟ್ಟರು. ಅವರೊಡನೆ ದೇವತೆಗಳು ಕಡಲು ದಾಟಿದರು. ಊರು ದಾಟಲಿಲ್ಲ, ಅರಸ ದಾಟಲಿಲ್ಲ, ನದಿಯೂ ದಾಟಲಿಲ್ಲ. ಒಡಂಬಡಿಕೆಯ ಅರ್ಧ ಭಾಗ ಹಿಂದೆಯೇ ಉಳಿದಾಗ ಉತ್ಸವ ಏನಾಗಬೇಕು?

ಬಾಹಿಯಾದಲ್ಲಿ ಕೊಟ್ಟ ಉತ್ತರ ಹೀಗಿದೆ. ಬೇರೆ ಬೇರೆ ಊರುಗಳ ಭಕ್ತರು ಒಂದೇ ಸೂರಿನಡಿ ಸೇರಿದರು, ಅವರವರ ಊರಿನ ದೇವತೆಗಳೂ ಒಂದೇ ಅಂಗಳಕ್ಕೆ ಬಂದವು. ಕಾಂಡೊಂಬ್ಲೆ ಎಂಬ ಈ ಪಂಥದ ಆರಾಧನೆಯ ರಾತ್ರಿ ಎಶುವಿಗೆ ಅರ್ಪಿಸಿದ ಮೇಲೆ ಓಗುನ್‌ನಿಂದ ತೊಡಗಿ ಒಬಾಟಾಲಾನವರೆಗೆ ಒಬ್ಬೊಬ್ಬ ದೇವತೆಗೂ ಸರದಿಯಂತೆ ಹಾಡು, ಕುಣಿತ. ಆಫ್ರಿಕಾದಲ್ಲಿ ಹಲವು ಊರುಗಳಲ್ಲಿ, ಹಲವು ತಿಂಗಳುಗಳಲ್ಲಿ ಹರಡಿದ್ದದ್ದು ಒಂದೇ ರಾತ್ರಿಗೆ ಅಡಕವಾಯಿತು. ಅರಸನ ಜಾಗಕ್ಕೆ ಮನೆಯ ಹಿರಿಯ ಪೂಜಾರಿಣಿ ಬಂದಳು. ಸಾಲ್ವಡಾರ್ ನಗರದ ಕಾಸಾ ಬ್ರಾಂಕಾ ಎಂಬ ಅಂಥ ಮನೆಯನ್ನು 1984ರಲ್ಲಿ ಬ್ರೆಜಿಲ್ ರಾಷ್ಟ್ರೀಯ ಪರಂಪರೆಯ ತಾಣವನ್ನಾಗಿ ಮಾಡಿತು; ಹಿಂದೆ ಪೊಲೀಸರು ದಾಳಿ ಮಾಡಿ ಡೋಲುಗಳನ್ನು ಕಸಿಯುತ್ತಿದ್ದ ಪಂಥಕ್ಕೆ ಸಂದ ಮನ್ನಣೆ ಅದು.

ನೈಜೀರಿಯಾದಲ್ಲಿ ನದಿಯ ತಾಯಿಯಾಗಿದ್ದ ಯೆಮೊಜಾ ಬ್ರೆಜಿಲ್‌ನಲ್ಲಿ ಕಡಲಿನ ಒಡತಿಯಾದಳು. ಫೆಬ್ರವರಿ 2ರಂದು ಸಾಲ್ವಡಾರ್‌ನ ರಿಯೊ ವರ್ಮೆಲ್ಯೊ ಕಡಲತೀರದಲ್ಲಿ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟುತ್ತಾರೆ. ಕೈಯಲ್ಲಿ ಬಿಳಿ ಹೂವು, ಸುಗಂಧದ ಶೀಷೆ, ಕನ್ನಡಿ, ಬಾಚಣಿಗೆ. ಎಲ್ಲವನ್ನೂ ದೊಡ್ಡ ಬುಟ್ಟಿಗಳಿಗೆ ತುಂಬಿ ಸಂಜೆಯ ಹೊತ್ತಿಗೆ ಬೆಸ್ತರು ದೋಣಿಗಳಲ್ಲಿ ನಡುಗಡಲಿಗೆ ಒಯ್ದು ಬಿಡುತ್ತಾರೆ. 1920ರ ದಶಕದಲ್ಲಿ ಮೀನಿನ ಬರ ಬಂದಾಗ ಬೆಸ್ತರು ಶುರು ಮಾಡಿದ ಆಚರಣೆಯಿದು.

ಕ್ಯೂಬಾದವರು ಕ್ಯಾಥೊಲಿಕ್ ಸಂತರ ದಿನದರ್ಶಿಯನ್ನು ಬಳಸಿಕೊಂಡರು. ಸೆಪ್ಟೆಂಬರ್ 8 ಓಶುನ್‌ಗೆ, ಡಿಸೆಂಬರ್ 4 ಶಾಂಗೊವಿಗೆ. ಆ ಎರಡನೆಯ ದಿನ ಸಂತ ಬಾರ್ಬರಾಳದು; ಸಿಡಿಲಿನಿಂದ ಕಾಯುವವಳು, ಕೆಂಪು ಉಡುಪಿನವಳು. ಜೊತೆಗೆ ಇನ್ನೊಂದು ಹೊಸ ಉತ್ಸವ ಹುಟ್ಟಿತು: ಭಕ್ತ ತಾನು ದೀಕ್ಷೆ ಪಡೆದ ದಿನವನ್ನು ಪ್ರತಿ ವರ್ಷ ಮನೆಯಲ್ಲೇ ಪೀಠ ಕಟ್ಟಿ, ನೆಂಟರನ್ನು ಕರೆದು ಆಚರಿಸುವುದು. ಊರಿಗೂ ದೇವತೆಗೂ ಇದ್ದ ಒಡಂಬಡಿಕೆ ಒಬ್ಬ ಮನುಷ್ಯನಿಗೂ ದೇವತೆಗೂ ನಡುವಿನದಾಯಿತು. ಕೋಲಾ ಬೀಜ ಸಿಗದ ಕಡೆ ತೆಂಗಿನಕಾಯಿಯ ನಾಲ್ಕು ಹೋಳುಗಳು ದೇವತೆಯ ಉತ್ತರ ಹೇಳುತ್ತವೆ. ಹೊಸದಾಗಿ ದೀಕ್ಷೆ ಪಡೆದವರನ್ನು, ಗಂಡಾಗಲಿ ಹೆಣ್ಣಾಗಲಿ, ಅಲ್ಲಿಯೂ ವಧು ಎಂದೇ ಕರೆಯುತ್ತಾರೆ.

ತಾಯ್ನಾಡಿನಲ್ಲಿ ಇಂದು ಯೊರುಬಾ ಜನರಲ್ಲಿ ಬಹುಪಾಲು ಮುಸ್ಲಿಮರು ಅಥವಾ ಕ್ರೈಸ್ತರು. ಹಲವು ಅರಸರೂ ಅಷ್ಟೆ. ಹಾಗಿದ್ದರೂ ಉತ್ಸವದ ದಿನ ಅರಸ ವಿಧಿಗಳನ್ನು ನಡೆಸಿಕೊಡುತ್ತಾನೆ, ಏಕೆಂದರೆ ಆ ಪೀಠ ಅವನ ಸ್ವಂತ ನಂಬಿಕೆಗಿಂತ ಹಳೆಯದು. ಇದನ್ನು ಒಪ್ಪದ ಪಾದ್ರಿಗಳು, ಮೌಲ್ವಿಗಳು ಇದ್ದಾರೆ, ತಕರಾರುಗಳಾಗುತ್ತವೆ. ಇನ್ನೊಂದು ಕಡೆ ಆಗಸ್ಟ್ 20ನ್ನು ಪೂರ್ವಪರಂಪರೆಯ ದಿನವೆಂದು ನೈರುತ್ಯದ ಹಲವು ರಾಜ್ಯಗಳು ರಜೆ ಘೋಷಿಸುತ್ತಿವೆ.

ಓಶೊಗ್ಬೊದ ಬನ ಒಮ್ಮೆ ಕೈತಪ್ಪುವ ಹಂತಕ್ಕೆ ಬಂದಿತ್ತು. 1950ರ ದಶಕದಲ್ಲಿ ಮರ ಕಡಿಯುವವರು, ಜಮೀನು ಮಾರುವವರು ಒಳನುಗ್ಗಿದ್ದರು, ಗುಡಿಗಳು ಪಾಳುಬಿದ್ದಿದ್ದವು. 1950ರಲ್ಲಿ ನೈಜೀರಿಯಾಕ್ಕೆ ಬಂದ ಆಸ್ಟ್ರಿಯಾ ಮೂಲದ ಕಲಾವಿದೆ ಸೂಸಾನ್ ವೆಂಗರ್ ಒರಿಷಾ ದೀಕ್ಷೆ ಪಡೆದು ಅಲ್ಲಿಯೇ ನೆಲೆಸಿದರು. ಅಡೆಬಿಸಿ ಅಕಾಂಜಿ, ಬುರೈಮೊ ಗ್ಬಾಡಮೊಸಿ ಮುಂತಾದ ಸ್ಥಳೀಯ ಕಲಾವಿದರೊಡನೆ ದಶಕಗಳ ಕಾಲ ದುಡಿದು ಗುಡಿಗಳನ್ನೂ ಬೃಹತ್ ಶಿಲ್ಪಗಳನ್ನೂ ಕಟ್ಟಿದರು. 1965ರಲ್ಲಿ ಬನದ ಒಂದು ಭಾಗ, 1992ರಲ್ಲಿ ಪೂರ್ತಿ 75 ಹೆಕ್ಟೇರ್ ರಾಷ್ಟ್ರೀಯ ಸ್ಮಾರಕವಾಯಿತು. 2005ರಲ್ಲಿ ವಿಶ್ವ ಪರಂಪರೆಯ ತಾಣವೆಂಬ ಮನ್ನಣೆಯೂ ಬಂತು. ಅಲ್ಲಿ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ, ಮೀನು ಹಿಡಿಯುವಂತಿಲ್ಲ.

ಮರಗಳು ಉಳಿದವು, ನೀರು ಕೆಟ್ಟಿತು. ಇತ್ತೀಚಿನ ವರ್ಷಗಳಲ್ಲಿ ಮೇಲ್ಹರಿವಿನ ಚಿನ್ನದ ಗಣಿಗಳಿಂದ ಓಶುನ್ ನದಿ ಕಂದು ಕೆಸರಾಗಿ ಹರಿಯುತ್ತಿದೆ. ಉತ್ಸವದ ಹೊತ್ತಿಗೆ ಈ ನೀರನ್ನು ಕುಡಿಯಬೇಡಿ ಎಂದು ಸರ್ಕಾರವೇ ಜನರಿಗೆ ಎಚ್ಚರಿಕೆ ಕೊಟ್ಟಿದೆ. ಎಚ್ಚರಿಕೆಯನ್ನು ಕೇಳಿಯೂ ಕ್ಯಾನು ತುಂಬಿಕೊಂಡು ಹೋಗುವವರಿದ್ದಾರೆ. ಅಟಾವೊಜಾನ ಅಧಿಕಾರ ಓಶೊಗ್ಬೊದ ದಂಡೆಯವರೆಗೆ ಮಾತ್ರ. ಗಣಿಗಳಿರುವುದು ಇಜೆಶಾ ಸೀಮೆಯಲ್ಲಿ, ಲಾರೊಯೆ ತನ್ನ ಜನರೊಡನೆ ನೀರಿಲ್ಲವೆಂದು ಬಿಟ್ಟು ಬಂದ ನೆಲದಲ್ಲಿ.